ಗೆಣಸಿನ ಮೂತಿಹುಳು ನೋಡಲು 10 ಪಟ್ಟಿನ ಮಡಚುವ ಲೆನ್ಸ್: ಐದಕ್ಕೆ ನಾಲ್ಕು ಸ್ಟಾರ್

ಬೆಳಗಾವಿ, ಖಾನಾಪುರ ಕಡೆ ಗೆಣಸು ಬೆಳೆಯುವವರು ಔಷಧಿ ಡಬ್ಬಿಗೆ ದುಡ್ಡು ಹಾಕುವ ಮೊದಲು ಈ ಲೆನ್ಸ್ ತಗೊಳ್ಳಿ. ಪೇಟೆಯ ಒಂದು ಅಂಗಡಿಯಲ್ಲಿ 250 ರೂಪಾಯಿಗೆ ಸಿಕ್ಕಿತು. ಸ್ಟೀಲ್ ಕವಚ, ಗಾಜಿನ ಮಸೂರ, ದಾರ ಪೋಣಿಸಲು ಒಂದು ತೂತು. ಇಷ್ಟೇ ಸಾಮಾನು.

ಗೆಣಸಿನ ಮೂತಿಹುಳು ಸುಮಾರು 5ರಿಂದ 8 ಮಿಲಿಮೀಟರ್ ಉದ್ದ ಇರುತ್ತದೆ. ಸಣಕಲು ಮೈ, ಕೆಂಪು ಎದೆ, ಕೆಂಪು ಕಾಲು, ನೀಲಿಗಪ್ಪು ಬೆನ್ನು. ಬರಿಗಣ್ಣಿಗೆ ಪಕ್ಕಾ ಇರುವೆ. ನಮ್ಮ ಕಾಕಾ ಅಂತೂ "ಇರುವಿ ಅದಾವ, ಬಿಡೋ" ಅಂದುಬಿಟ್ಟರು, ಮೊಬೈಲ್ ಆ್ಯಪ್‌ಗೆ ಫೋಟೊ ಹಾಕಿದರೆ ಅದೂ ಕಾಕಾನ ಪಕ್ಷವೇ ಆಯಿತು. ಲೆನ್ಸ್ ಹಿಡಿದಾಗ ಜಗಳ ಮುಗಿಯಿತು. ತಲೆಯ ಮುಂದೆ ಉದ್ದ ಮೂತಿ ಇದೆ, ಬೆನ್ನ ಮೇಲೆ ಎರಡು ಗಟ್ಟಿ ರೆಕ್ಕೆ ಕೂಡುವ ಗೆರೆ ಇದೆ. ಇರುವೆಗೆ ಇವೆರಡೂ ಇಲ್ಲ. ಅಕ್ಕಿಯಲ್ಲಿ ಬರುವ ಹುಳಕ್ಕೂ ಮೂತಿ ಇದೆ, ನಿಜ, ಆದರೆ ಅದರ ಮೀಸೆ ನಡುವೆ ಮುರಿದಂತೆ ಬಾಗಿರುತ್ತದೆ, ಇದರದು ಹಾಗೆ ಬಾಗುವುದಿಲ್ಲ.

ನನಗೆ ಜಾಸ್ತಿ ಉಪಯೋಗ ಆಗಿದ್ದು ಮೀಸೆಯ ತುದಿ ನೋಡಲು. ಗಂಡಿನ ಮೀಸೆಯ ಕೊನೆಯ ಗಂಟು ಉದ್ದವಾಗಿರುತ್ತದೆ, ಹೆಣ್ಣಿನದು ಗಿಡ್ಡ, ಮೊಟ್ಟೆಯಾಕಾರ. ಮೋಹಕ ಬಲೆಯಲ್ಲಿ ಬಿದ್ದ ಹುಳಗಳನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಿ, ಎಲ್ಲವೂ ಗಂಡೇ ಇರುತ್ತವೆ, ಯಾಕೆಂದರೆ ಆ ಬಲೆಯಲ್ಲಿ ಇಡುವುದು ಹೆಣ್ಣಿನ ವಾಸನೆ. ಬಲೆ ತುಂಬಿತು ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ ಅಲ್ವಾ? ಹೆಣ್ಣು ಅತ್ತ ಬಳ್ಳಿಯ ಬುಡದಲ್ಲೋ ಗೆಡ್ಡೆಯಲ್ಲೋ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅದರ ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚುತ್ತಿರುತ್ತದೆ. ಕಾಲಿಲ್ಲದ ಬಿಳಿ ಮರಿ ಒಳಗೇ ತಿಂದು ಬೆಳೆಯುತ್ತದೆ, ಹೀಗಾಗಿ ಎಲೆಗೆ ಹೊಡೆದ ಔಷಧಿ ಅದಕ್ಕೆ ಮುಟ್ಟುವುದೇ ಇಲ್ಲ. ಹುಳ ಬಿದ್ದ ಗೆಣಸು ಕಹಿಯಾಗುತ್ತದೆ, ದನಕ್ಕೂ ಹಾಕಬಾರದು.

ಇನ್ನೊಂದು ವಿಷಯ. ಈ ಹುಳಕ್ಕೆ ಮಣ್ಣು ಅಗೆದು ಆಳಕ್ಕೆ ಹೋಗಲು ಬರುವುದಿಲ್ಲ, ನೆಲದ ಬಿರುಕಿನಲ್ಲಿ ಇಳಿದು ಗೆಡ್ಡೆ ಮುಟ್ಟುತ್ತದೆ. ಮಳೆ ನಿಂತು ನೆಲ ಬಿರಿಯುವ ಹೊತ್ತಿಗೆ ಬುಡಕ್ಕೆ ಮಣ್ಣು ಏರಿಸಿ, ನೀರಿದ್ದರೆ ನೀರೂ ಕೊಡಿ.

ಲೆನ್ಸಿಗೆ ಬರೋಣ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಹುಳವನ್ನೇ ಮೇಲಕ್ಕೆ ತನ್ನಿ, ಸುಮಾರು ಎರಡೂವರೆ ಸೆಂಟಿಮೀಟರ್ ಹತ್ತಿರ ಬಂದಾಗ ಸ್ಪಷ್ಟವಾಗಿ ಕಾಣುತ್ತದೆ. ಮುಟ್ಟಿದರೆ ಹುಳ ಸತ್ತಂತೆ ಬೀಳುತ್ತದೆ, ನಾಟಕ ಮುಗಿಯುವುದರೊಳಗೆ ನೋಡಿಬಿಡಿ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಮಡಚುವ ಜಾಗದ ಸ್ಕ್ರೂಗೆ. ಸುಮ್ನೆ ಜೇಬಿನಲ್ಲಿದ್ದರೂ ಸಡಿಲಾಗುತ್ತದೆ. ಅಂಗಡಿಯವರು 30 ಪಟ್ಟಿನದೂ ತೋರಿಸಿದರು, ಬೆಲೆ ಕಡಿಮೆ ಬೇರೆ. ಬೇಡ. ನಿಜವಾಗಿ 30 ಪಟ್ಟು ಇದ್ದರೆ ಹುಳ ಗಾಜಿಗೆ ಒಂದು ಸೆಂಟಿಮೀಟರಿಗಿಂತ ಹತ್ತಿರ ಬರಬೇಕು, ಹೊಲದಲ್ಲಿ ಬೆಳಕೂ ಸಾಲದು, ಕೈಯೂ ನಡುಗುತ್ತದೆ. ಅದು ತೋರಿಸಿದ್ದು ಎರಡು ಮೂರು ಬೆರಳಷ್ಟು ದೂರದಿಂದ, ಅಂದರೆ ಮೇಲೆ ಕೆತ್ತಿದ ಅಂಕಿ ಸುಳ್ಳು.