ರಾತ್ರಿ ಹಲ್ಲಿನ ಸೆಟ್ಟಿಗೆ ಏನು ಕೊಳ್ಳಬೇಕು: ಮುಂಬಯಿಯಲ್ಲಿ ಸಿಗುವ ಮಾತ್ರೆ, ಪುಡಿ, ಬ್ರಷ್, ಡಬ್ಬಿಗಳ ವಿಮರ್ಶೆ

ರಾತ್ರಿ ಕೃತಕ ಹಲ್ಲಿನ ಸೆಟ್ಟನ್ನು ತೆಗೆದು ಲೋಟದ ನೀರಿಗೆ ಹಾಕಿ, ಒಂದು ಮಾತ್ರೆ ಬಿಟ್ಟರೆ ಆಯಿತು, ಬೆಳಿಗ್ಗೆ ತಾನೇ ಶುಚಿಯಾಗಿರುತ್ತದೆ ಎಂದು ನಂಬಿರುವ ಮನೆಗಳು ಬಹಳ. ಮಾತ್ರೆ ಒಳ್ಳೆಯ ವಸ್ತುವೇ. ಆದರೆ ಅದರ ಸರದಿ ಬರುವುದು ಬ್ರಷ್ಷಿನ ನಂತರ. ಸೆಟ್ಟಿನ ಒಳಮೈಗೆ, ಅಂದರೆ ಅಂಗುಳಕ್ಕೂ ವಸಡಿಗೂ ತಾಗುವ ಬದಿಗೆ, ದಿನವಿಡೀ ಒಂದು ಲೋಳೆಪದರ ಕಟ್ಟುತ್ತದೆ. ಬ್ಯಾಕ್ಟೀರಿಯಾ ಮತ್ತು ಕ್ಯಾಂಡಿಡಾ ಎಂಬ ಶಿಲೀಂಧ್ರ ಅದರಲ್ಲೇ ಮನೆ ಮಾಡುತ್ತವೆ. ಪದರ ದಪ್ಪಗಿದ್ದರೆ ಮಾತ್ರೆಯ ನೀರು ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ಕೆಳಗಿನದು ಹಾಗೇ ಉಳಿಯುತ್ತದೆ. ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಬ್ರಷ್ ಕೊಳ್ಳಿ, ಆಮೇಲೆ ಡಬ್ಬಿ, ಕೊನೆಗೆ ಮಾತ್ರೆ. ಅಂಗಡಿಯವರು ಸಾಮಾನ್ಯವಾಗಿ ಮಾತ್ರೆಯನ್ನೇ ಮೊದಲು ತೆಗೆದುಕೊಡುತ್ತಾರೆ.

ಬ್ರಷ್ಷಿನಿಂದ ಶುರು ಮಾಡೋಣ. ಸೆಟ್ಟಿಗೆಂದೇ ಮಾಡಿದ ಬ್ರಷ್ಷಿಗೆ ಎರಡು ತಲೆ ಇರುತ್ತವೆ. ಅಗಲವಾದದ್ದು ಹಲ್ಲಿನ ಹೊರಮೈಗೆ, ಚೂಪಾದ ಸಣ್ಣ ಗೊಂಚಲು ಒಳಗಿನ ಗುಂಡಿಗೆ. ಮಾಮೂಲಿ ಟೂತ್‌ಬ್ರಷ್ಷು ಕೆಳಸೆಟ್ಟಿನ ಆ ಆಳವಾದ ಕಾಲುವೆಗೆ ಇಳಿಯುವುದೇ ಇಲ್ಲ, ಲೋಳೆ ಹೆಚ್ಚು ಉಳಿಯುವುದೂ ಅಲ್ಲೇ. ಹಿಡಿ ದಪ್ಪಗಿರಬೇಕು, ಏಕೆಂದರೆ ಬಳಸುವವರ ಕೈ ಎಪ್ಪತ್ತು ಎಂಬತ್ತರ ಕೈ. ಕೂದಲು ಮೆದುವಾಗಿರಲಿ. ಒಂದು ಕೈಗೆ ಪಾರ್ಶ್ವವಾಯು ಆಗಿದ್ದವರಿಗೆ, ರಬ್ಬರ್ ಬಟ್ಟಲಿನಿಂದ ಬೇಸಿನ್ನಿಗೆ ಅಂಟಿಕೊಂಡು ನಿಲ್ಲುವ ಬ್ರಷ್ ತುಂಬ ಉಪಕಾರಿ. ಬ್ರಷ್ಷನ್ನು ಹಿಡಿಯಬೇಕಾಗಿಲ್ಲ, ಸೆಟ್ಟನ್ನೇ ಅದರ ಮೇಲೆ ಉಜ್ಜಬಹುದು.

ಬ್ರಷ್ಷಿಗೆ ಪೇಸ್ಟ್ ಹಚ್ಚಬೇಡಿ. ಇದನ್ನು ಒತ್ತಿ ಹೇಳಬೇಕು. ಟೂತ್‌ಪೇಸ್ಟಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್, ಸಿಲಿಕಾದಂಥ ಉಜ್ಜುಪುಡಿ ಇರುತ್ತದೆ. ಹಲ್ಲಿನ ಎನಾಮಲ್ ಅದನ್ನು ತಡೆದುಕೊಳ್ಳುತ್ತದೆ, ಸೆಟ್ಟಿನ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಅದಕ್ಕಿಂತ ಬಹಳ ಮೆದು. ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ, ಹೊಳಪು ಹೋಗುತ್ತದೆ, ಗೀರಿನೊಳಗೆ ಚಹಾದ ಕಂದು, ಎಲೆಅಡಿಕೆಯ ಕೆಂಪು ಕೂರುತ್ತದೆ. ಇದ್ದಿಲು ಪುಡಿ, ಉಪ್ಪು, ಪಾತ್ರೆ ತಿಕ್ಕುವ ಪುಡಿ ಇನ್ನೂ ಕೆಟ್ಟವು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಇಲ್ಲವೇ ಸಾದಾ ಕೈ ತೊಳೆಯುವ ಸೋಪು ಸಾಕು.

ಉಜ್ಜುವ ಮುನ್ನ ಬೇಸಿನ್ನಿನಲ್ಲಿ ಅರ್ಧ ನೀರು ನಿಲ್ಲಿಸಿ, ಅಥವಾ ಮಡಿಸಿದ ಟವೆಲ್ ಹಾಸಿ. ಸೋಪು ಹಚ್ಚಿದ ಸೆಟ್ಟು ಕೈಯಿಂದ ಜಾರುತ್ತದೆ. ಗ್ರಾನೈಟ್ ಕಟ್ಟೆಗೋ ಟೈಲ್ಸಿಗೋ ಬಿದ್ದರೆ ಸೀಳು ಖಂಡಿತ. ಕೆಳಸೆಟ್ಟನ್ನು ಎರಡು ತುದಿ ಹಿಡಿದು ಒತ್ತಿದರೆ ಮಧ್ಯದಲ್ಲೇ ತುಂಡಾಗಬಹುದು. ಉಜ್ಜುವ ಭಾಗದ ಹತ್ತಿರವೇ ಬೆರಳುಗಳ ನಡುವೆ ಹಿಡಿಯಿರಿ, ಒಂದು ಬದಿ ಮುಗಿದ ಮೇಲೆ ಇನ್ನೊಂದು. ಅಂಟು ಕ್ರೀಮು ಬಳಸುವವರು ಅದನ್ನು ಮೊದಲು ಒಣ ಟಿಶ್ಯೂವಿನಿಂದ ಒರೆಸಿ ತೆಗೆಯಬೇಕು. ನೀರು ತಾಗಿದರೆ ಅದು ಇನ್ನಷ್ಟು ಜಿಗುಟಾಗುತ್ತದೆ. ಕೊನೆಗೆ ನಲ್ಲಿಯಡಿ ಹಿಡಿದು ಒಳಮೈ ಮೇಲೆ ಬೆರಳು ಎಳೆದು ನೋಡಿ. ಜಾರಿದರೆ ಲೋಳೆ ಉಳಿದಿದೆ, ಇನ್ನೊಮ್ಮೆ ಉಜ್ಜಿ. ಬೆರಳು ತಡೆದು ಕಿರ್ ಎಂದರೆ ಮಾತ್ರೆಯ ಸರದಿ.

ಮುಂಬಯಿ ಅಂಗಡಿಗಳಲ್ಲಿ ಕೇಳಿಬರುವ ಹೆಸರುಗಳು ಕ್ಲಿನ್ಸೊಡೆಂಟ್, ಪಾಲಿಡೆಂಟ್, ಫಿಟ್ಟಿಡೆಂಟ್. ಕ್ಲಿನ್ಸೊಡೆಂಟ್ ಇದೇ ಊರಿನ ಐಸಿಪಿಎ ಕಂಪನಿಯದು, ಮಾತ್ರೆಯಾಗಿಯೂ ಪುಡಿಯಾಗಿಯೂ ಬರುತ್ತದೆ. ಮಾಟುಂಗ, ಡೊಂಬಿವಲಿಯ ಗಲ್ಲಿ ಅಂಗಡಿಯಲ್ಲಿ ಇಲ್ಲವೆಂದರೆ ಎರಡು ದಿನದಲ್ಲಿ ತರಿಸಿಕೊಡುತ್ತಾರೆ. ಹೆಚ್ಚು ಬೇಕಾದರೆ ಪ್ರಿನ್ಸೆಸ್ ಸ್ಟ್ರೀಟಿನ ಔಷಧಿ ಮಾರುಕಟ್ಟೆ ಇದ್ದೇ ಇದೆ. ಮರಾಠಿ ಅಂಗಡಿಯವರಿಗೆ "ಕವಳಿ" (ಹಲ್ಲಿನ ಸೆಟ್ಟು) ಎಂದರೆ ಸಾಕು, ಗೊತ್ತಾಗುತ್ತದೆ.

ಈ ಮಾತ್ರೆಗಳೆಲ್ಲ ಒಂದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ ನೀರಿನಲ್ಲಿ ಕೂಡಿದಾಗ ನೊರೆ ಏಳುತ್ತದೆ. ಸೋಡಿಯಂ ಪರ್ಬೊರೇಟ್ ಅಥವಾ ಪರ್ಕಾರ್ಬೊನೇಟಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಬಿಡುಗಡೆಯಾಗುತ್ತದೆ. ಚಹಾ ಕಾಫಿಯ ಕಲೆ ತೆಳುವಾಗಿಸುವುದು, ವಾಸನೆ ಹೋಗಿಸುವುದು, ರೋಗಾಣು ತಗ್ಗಿಸುವುದು ಅದರ ಕೆಲಸ. ಕೆಲವದರಲ್ಲಿ ಪ್ರೋಟೀನ್ ಕರಗಿಸುವ ಎನ್‌ಜೈಮ್ ಕೂಡ ಇರುತ್ತದೆ, ಸಿಕ್ಕರೆ ಅದೇ ಮೇಲು. ಇಷ್ಟು ಬಿಟ್ಟರೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ವ್ಯತ್ಯಾಸ ದೊಡ್ಡದಲ್ಲ. ಪುದೀನ ಪರಿಮಳಕ್ಕೆ, ನೀಲಿ ಬಣ್ಣಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯ ನಮಗೆ ಕಾಣುವುದಿಲ್ಲ. ನೋಡಬೇಕಾದ್ದು ಬೇರೆ: ಒಂದೊಂದು ಮಾತ್ರೆಯೂ ಪ್ರತ್ಯೇಕ ಫಾಯಿಲಿನಲ್ಲಿದೆಯೇ, ಎಕ್ಸ್‌ಪೈರಿ ಎಷ್ಟು ದೂರವಿದೆ, ಲೋಹದ ತಂತಿ ಇರುವ ಸೆಟ್ಟಿಗೆ ಆಗುತ್ತದೆಂದು ಬರೆದಿದೆಯೇ.

ಬಳಸುವ ಕ್ರಮ ಸರಳ. ಸೆಟ್ಟು ಪೂರ್ತಿ ಮುಳುಗುವಷ್ಟು, ಸುಮಾರು 150ರಿಂದ 200 ಮಿ.ಲೀ. ಉಗುರುಬೆಚ್ಚಗಿನ ನೀರು, ಒಂದು ಮಾತ್ರೆ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು. ಮೂರರಿಂದ ಐದು ನಿಮಿಷ ಎಂದು ಬರೆದಿರುವ ಮಾತ್ರೆಗಳಿವೆ, ರಾತ್ರಿಯಿಡೀ ಬಿಡಬಹುದು ಎನ್ನುವವೂ ಇವೆ. ನೊರೆ ನಿಂತಿತೆಂದರೆ ಕೆಲಸ ಮುಗಿಯಿತು ಎಂದಲ್ಲ, ಹೊತ್ತು ನೋಡಿಯೇ ತೆಗೆಯಿರಿ. ತೆಗೆದ ಮೇಲೆ ಮತ್ತೊಮ್ಮೆ ಬ್ರಷ್ಷಿನಿಂದ ಉಜ್ಜಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸಡಿಲವಾದ ಲೋಳೆ ಹೊರಬರುವುದು ಈ ಎರಡನೇ ಉಜ್ಜಿನಲ್ಲಿ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಆ ನೀರನ್ನು ಚೆಲ್ಲಬೇಕು, ಮರುದಿನಕ್ಕೆ ಇಡಬಾರದು.

ಬಿಸಿನೀರಿನ ಮಾತು ಇಲ್ಲೇ ಬರಬೇಕು. "ಕುದಿಯುವ ನೀರಿಗೆ ಹಾಕಿದರೆ ಕ್ರಿಮಿ ಸಾಯುತ್ತದೆ" ಎಂದು ಹಾಲಿನ ಬಾಟಲಿಯ ಲೆಕ್ಕದಲ್ಲಿ ಯೋಚಿಸಿ ಸೆಟ್ಟು ಹಾಳುಮಾಡಿಕೊಂಡವರು ಎಲ್ಲ ಊರಿನಲ್ಲೂ ಇದ್ದಾರೆ. ಅಕ್ರಿಲಿಕ್ ಅಷ್ಟು ಬಿಸಿಗೆ ಸೊಟ್ಟಗಾಗುತ್ತದೆ, ಗುಲಾಬಿ ಬಣ್ಣ ಬಿಳಿಚಿಕೊಳ್ಳುತ್ತದೆ. ಕೂದಲೆಳೆಯಷ್ಟು ಬಾಗಿದರೂ ಮೇಲ್ಸೆಟ್ಟಿನ ಹಿಡಿತ ಹೋಗಿ, ಅದು ಮಾತಾಡುವಾಗ ಜಾರತೊಡಗುತ್ತದೆ. ಹಾಗೆ ಬಾಗಿದ್ದನ್ನು ಮನೆಯಲ್ಲಿ ಸರಿಮಾಡಲು ಬರುವುದಿಲ್ಲ. ಗೀಸರಿನ ನಲ್ಲಿಯಿಂದ ನೇರ ಹಿಡಿಯಬೇಡಿ, ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ, ಆಮೇಲೆ ಸೆಟ್ಟು ಹಾಕಿ. ನೋಡಿಕೊಳ್ಳಲು ಬರುವ ಕೆಲಸದ ಹೆಂಗಸಿಗೆ ಮೊದಲ ದಿನವೇ "ಗರಮ್ ಪಾಣಿ ನಕೋ" (ಬಿಸಿನೀರು ಬೇಡ) ಎಂದು ಹೇಳಿಡಿ.

ಪುಡಿಯ ಬಗ್ಗೆ ಎರಡು ಮಾತು. ಒಂದು ಸಲದ ಖರ್ಚು ಕಡಿಮೆ, ನೀರಿನ ಅಳತೆಗೆ ತಕ್ಕಂತೆ ಹಾಕಬಹುದು. ಆದರೆ ಮುಂಬಯಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಗೆ ಡಬ್ಬಿಯ ಪುಡಿ ಗಟ್ಟಿಯಾಗುತ್ತದೆ, ತೇವ ಹಿಡಿದದ್ದು ಬಲ ಕಳೆದುಕೊಳ್ಳುತ್ತದೆ. ಒದ್ದೆ ಚಮಚ ಅದ್ದಿದರಂತೂ ಮುಗಿಯಿತು. ಮಳೆಗಾಲಕ್ಕೆ ಫಾಯಿಲ್ ಮಾತ್ರೆ, ಉಳಿದ ತಿಂಗಳಿಗೆ ಪುಡಿ ಎಂಬ ವ್ಯವಸ್ಥೆ ಈ ಊರಿಗೆ ಹೊಂದುತ್ತದೆ.

ಮಾತ್ರೆಯ ಅಪಾಯಗಳನ್ನೂ ಹೇಳಲೇಬೇಕು. ಕೆಲವದರಲ್ಲಿ ಪರ್ಸಲ್ಫೇಟ್ ಇರುತ್ತದೆ. ಪೊಟ್ಟಣದ ಮೇಲೆ ಅದು ಪೊಟ್ಯಾಸಿಯಂ ಮೊನೊಪರ್ಸಲ್ಫೇಟ್ ಅಥವಾ ಕ್ಯಾರೋಯೇಟ್ ಎಂದು ಕಾಣಬಹುದು. ಇದರಿಂದ ಅಲರ್ಜಿಯಾಗುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಎಚ್ಚರಿಸಿತ್ತು. ವಸಡು ಉರಿ, ತುರಿ, ತುಟಿ ಊತ, ಉಸಿರು ಕಟ್ಟಿದಂತಾಗುವುದು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹಿಂದೆ ಎಷ್ಟೋ ಕಾಲ ಒಗ್ಗಿಕೊಂಡಿದ್ದರೂ ಇದು ಬರಬಹುದು. ಮಾತ್ರೆಯ ನೀರಿನಲ್ಲಿ ಬಾಯಿ ಮುಕ್ಕಳಿಸುವುದಂತೂ ಎಂದೂ ಸಲ್ಲ. ಇನ್ನೊಂದು: ಇದು ನೋಡಲು ಡಿಸ್ಪ್ರಿನ್ನಿನಂಥ ನೊರೆಮಾತ್ರೆಯೇ. ಮರೆವು ಇರುವ ಹಿರಿಯರ ಮನೆಯಲ್ಲಿ ಇದನ್ನು ಬಿಪಿ, ಶುಗರ್ ಗುಳಿಗೆಗಳ ಡಬ್ಬದಲ್ಲಿ ಇಡಲೇಬಾರದು. ಸೆಟ್ಟು ನೆನೆಸಲು ಕುಡಿಯುವ ಸ್ಟೀಲ್ ಲೋಟ ಬಳಸಬಾರದು ಎನ್ನುವುದೂ ಇದಕ್ಕೇ, ನಿದ್ದೆಗಣ್ಣಿನಲ್ಲಿ ಯಾರಾದರೂ ಎತ್ತಿ ಕುಡಿದಾರು.

ಮಾತ್ರೆಗೆ ಆಗದ ಕೆಲಸವೂ ಇದೆ. ಕೆಳಸೆಟ್ಟಿನ ಮುಂಭಾಗದ ಒಳಬದಿಯಲ್ಲಿ ಗಟ್ಟಿ ಕಿಟ್ಟ ಕಟ್ಟಿದ್ದರೆ ನೊರೆಗೆ ಅದು ಜಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿದರೆ ಹೊಸ ಕಿಟ್ಟ ಬಿಡುತ್ತದೆ. ಹಳೆಯದನ್ನು ಪಿನ್ನಿನಿಂದಲೋ ಚಾಕುವಿನಿಂದಲೋ ಕೆರೆಯದೆ ಡೆಂಟಿಸ್ಟರಲ್ಲಿ ಕೊಟ್ಟು ತೆಗೆಸಿ. ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯ ಸರ್ಕಾರಿ ದಂತ ಕಾಲೇಜಿನಂಥ ಕಡೆ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆಗೆ ಆಗುತ್ತದೆ. ಪುಣೆಯ ಹೊರವಲಯದ ಸೊಸೈಟಿಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಳಸುವವರಿಗೆ ಸೆಟ್ಟಿನ ಮೇಲೆ ಸುಣ್ಣದಂಥ ಬಿಳಿ ಮಬ್ಬು ಬೇಗ ಕೂರುತ್ತದೆ. ಅವರು ನೆನೆಸಲು ಫಿಲ್ಟರ್ ನೀರು ಬಳಸುವುದು ಒಳ್ಳೆಯದು. ಮುಂಬಯಿಯ ಕೆರೆ ನೀರಿಗೆ ಆ ಚಿಂತೆ ಕಡಿಮೆ.

ಬಟ್ಟೆಯ ಬ್ಲೀಚ್ ವಿಚಾರದಲ್ಲಿ ಹುಷಾರು. ಅದರಲ್ಲಿರುವ ಹೈಪೊಕ್ಲೋರೈಟ್ ರೋಗಾಣು ಕೊಲ್ಲುವುದರಲ್ಲಿ ಗಟ್ಟಿಗ, ನಿಜ. ಆದರೆ ಕೆಲವು ಸೆಟ್ಟುಗಳ ಕ್ರೋಮಿಯಂ ಕೋಬಾಲ್ಟ್ ಲೋಹದ ಚೌಕಟ್ಟನ್ನು, ಕೊಕ್ಕೆಗಳನ್ನು ಅದು ಕಪ್ಪಾಗಿಸಿ ಕೊರೆಯುತ್ತದೆ, ಅಕ್ರಿಲಿಕ್ಕಿನ ಬಣ್ಣವನ್ನೂ ಕೆಡಿಸುತ್ತದೆ. ಅಮೆರಿಕದ ಕೃತಕದಂತ ತಜ್ಞರ ಸಂಘ 2011ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಹತ್ತು ನಿಮಿಷ ಮೀರಿ ಬ್ಲೀಚಿನಲ್ಲಿ ಇಡಬಾರದು ಎಂದಿದೆ. ನಿಮ್ಮ ಡೆಂಟಿಸ್ಟ್ ಅಳತೆ ಬರೆದುಕೊಡದೆ ಮನೆಯಲ್ಲಿ ಪ್ರಯೋಗ ಬೇಡ. ವಿನೆಗರ್ ಜೊತೆ ಬೆರೆಸಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಒಳಗೆ ಮೆತ್ತನೆಯ ಲೈನಿಂಗ್ ಹಾಕಿಸಿದ ಸೆಟ್ಟಿಗೆ ಮಾತ್ರೆಯೇ ಆಗಬಹುದೋ ಇಲ್ಲವೋ ಎಂದು ಕೇಳಿಕೊಂಡೇ ಬಳಸಿ.

ಈಗ ಡಬ್ಬಿ. ಅಕ್ರಿಲಿಕ್ ಒಣಗಿದರೆ ನೀರಂಶ ಕಳೆದು ಅಳತೆ ಬದಲಾಗುತ್ತದೆ, ಅದಕ್ಕೇ ರಾತ್ರಿ ನೀರಿನಲ್ಲಿ ಇಡುವುದು. ಒಳಗೆ ಜಾಲರಿ ಬುಟ್ಟಿ ಇರುವ ಡಬ್ಬಿ ತೆಗೆದುಕೊಳ್ಳಿ. ಬುಟ್ಟಿ ಎತ್ತಿದರೆ ನೀರು ಬಸಿಯುತ್ತದೆ, ಬೇಸಿನ್ನಿಗೆ ನೀರು ಚೆಲ್ಲುವಾಗ ಸೆಟ್ಟು ಜೊತೆಗೆ ಜಾರಿ ಬೀಳುವುದಿಲ್ಲ. ಮೇಲ್ಸೆಟ್ಟು, ಕೆಳಸೆಟ್ಟು ಒತ್ತಿಕೊಳ್ಳದೆ ಕೂರುವಷ್ಟು ಅಗಲ ಬೇಕು. ಮುಚ್ಚಳಕ್ಕೆ ಕೀಲಿರುವ ಅಗ್ಗದ ಡಬ್ಬಿಗಳಲ್ಲಿ ಕೀಲಿನ ಸಂದಿಗೆ ಮಳೆಗಾಲದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಮುಚ್ಚಳ ಪೂರ್ತಿ ಬಿಚ್ಚಿ ಬರುವಂಥದ್ದೇ ಸರಿ. ಬೆಳಿಗ್ಗೆ ಸೆಟ್ಟು ತೆಗೆದ ಕೂಡಲೇ ಡಬ್ಬಿಯನ್ನು ಸೋಪಿನಲ್ಲಿ ತೊಳೆದು, ತೆರೆದು, ಕವುಚಿ ಒಣಗಿಸಿ. ಸೆಟ್ಟು ತೊಳೆದು ಡಬ್ಬಿ ತೊಳೆಯದಿದ್ದರೆ ಅದೇ ರೋಗಾಣು ರಾತ್ರಿ ಮರಳಿ ಸೆಟ್ಟಿಗೇ ಹತ್ತುತ್ತದೆ. ಲೋಹದ ಕೊಕ್ಕೆ ಇರುವ ಸೆಟ್ಟನ್ನು ಮಾತ್ರೆಯ ನೀರಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಇಟ್ಟು, ತೊಳೆದು, ಉಳಿದ ರಾತ್ರಿ ಸಾದಾ ನೀರಿನಲ್ಲಿ ಬಿಡುವುದು ಕ್ಷೇಮ.

ಮಂಗಳೂರಿಗೆ ಮತ್ಸ್ಯಗಂಧ ರೈಲಿನಲ್ಲಿ ಹೊರಟವರು ನೀರು ತುಂಬಿದ ಡಬ್ಬಿ ಒಯ್ಯಬೇಕಾಗಿಲ್ಲ. ಬ್ರಷ್ ಮಾಡಿದ ಸೆಟ್ಟನ್ನು ಒದ್ದೆ ಮಲ್‌ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಒಂದು ರಾತ್ರಿಗೆ ಸಾಕು. ಪೇಪರ್ ನ್ಯಾಪ್‌ಕಿನ್ನಿನಲ್ಲಿ ಮಾತ್ರ ಸುತ್ತಬೇಡಿ, ಕಸವೆಂದು ಎಸೆದುಬಿಡುತ್ತಾರೆ.

"ರಾತ್ರಿ ತೆಗೆಯಲೇಬೇಕೇ, ಶುಚಿಯಾಗಿ ತೊಳೆದು ಹಾಕಿಕೊಂಡೇ ಮಲಗಿದರೆ?" ಎಂದು ಕೇಳುವವರು ಇದ್ದಾರೆ, ಮುಖ್ಯವಾಗಿ ಸೊಸೆ, ಅಳಿಯನ ಮುಂದೆ ಬಾಯಿ ಕುಗ್ಗಿ ಕಾಣುತ್ತದೆಂದು ಸಂಕೋಚಪಡುವ ಅಜ್ಜಿಯರು. ಆ ಸಂಕೋಚವನ್ನು ಮನೆಯವರು ಅರ್ಥಮಾಡಿಕೊಳ್ಳಬೇಕು, ಆದರೆ ಉತ್ತರ ಮಾತ್ರ ತೆಗೆಯಲೇಬೇಕು ಎಂದೇ. ರಾತ್ರಿ ಜೊಲ್ಲು ಕಡಿಮೆಯಾಗುತ್ತದೆ, ಸೆಟ್ಟಿನಡಿ ಅಂಗುಳಕ್ಕೆ ಗಾಳಿಯಿಲ್ಲ, ಒತ್ತಡಕ್ಕೆ ಬಿಡುವಿಲ್ಲ. ಮೇಲ್ಸೆಟ್ಟಿನ ಆಕಾರಕ್ಕೇ ಅಂಗುಳ ಕೆಂಪಾಗುವುದು, ಬಾಯಿಯ ಮೂಲೆ ಒಡೆಯುವುದು ಹೀಗೆ ಬರುವ ಕ್ಯಾಂಡಿಡಾ ಸೋಂಕಿನ ಗುರುತು. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಕಂಡಿತ್ತು. ಹಲ್ಲು ಕೀಳಿಸಿದ ಕೂಡಲೇ ಹಾಕಿದ ಹೊಸ ಸೆಟ್ಟಿನ ಮೊದಲ ದಿನ ಮಾತ್ರ ಇದಕ್ಕೆ ಅಪವಾದ, ಆಗ ಡೆಂಟಿಸ್ಟ್ ಹೇಳುವವರೆಗೆ ತೆಗೆಯಬಾರದು. ಸೆಟ್ಟು ತೆಗೆದ ಮೇಲೆ ವಸಡು, ಅಂಗುಳ, ನಾಲಿಗೆಯನ್ನು ಒದ್ದೆ ಬಟ್ಟೆಯಿಂದಲೋ ಮೆದು ಬ್ರಷ್ಷಿನಿಂದಲೋ ಒರೆಸಿ.

ಕೊಳ್ಳಬಹುದಾದ ಇನ್ನೊಂದು ವಸ್ತು ಸಣ್ಣ ಅಲ್ಟ್ರಾಸಾನಿಕ್ ತೊಟ್ಟಿ. ಕೈ ನಡುಗುವವರಿಗೆ, ಗಂಟುನೋವಿನವರಿಗೆ ಸಹಾಯಕ. ಕೈ ಸರಿಯಿರುವವರಿಗೆ ಬ್ರಷ್ಷೇ ಸಾಕು, ಆ ದುಡ್ಡಿನಲ್ಲಿ ಎಷ್ಟೋ ತಿಂಗಳ ಮಾತ್ರೆ ಬರುತ್ತದೆ. ಡಬ್ಬಿಯ ಮೇಲೆ ಅಳಿಸದ ಮಾರ್ಕರಿನಲ್ಲಿ ಹೆಸರು ಬರೆದಿಡಿ. ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿ ಸೆಟ್ಟು ಕಳೆದುಹೋಗುವುದು ಸಾಮಾನ್ಯ, ಆಪರೇಶನ್ನಿಗೆ ಮುಂಚೆ ಅದನ್ನು ತೆಗೆಸುತ್ತಾರೆ, ಆಗ ಹೆಸರಿದ್ದ ಡಬ್ಬಿಯನ್ನು ನರ್ಸಿನ ಕೈಗಲ್ಲ, ಮನೆಯವರ ಕೈಗೇ ಕೊಡಿಸಿ.