ಅದೇ ರೈಡು, ಎರಡು ಊರು: ನಾಲ್ಕು ವರ್ಷ ಓಡಾಡಿದ ಮೇಲೆ ನನ್ನ ಅಭಿಪ್ರಾಯ

ನಾಲ್ಕು ವರ್ಷದಲ್ಲಿ ಬೆಂಗಳೂರಿನ ಮನರಂಜನಾ ಪಾರ್ಕಿಗೆ ಎರಡು ಸಲ, ಹೈದರಾಬಾದಿನ ಪಾರ್ಕಿಗೆ ಮೂರು ಸಲ ಹೋಗಿ ಬಂದಿದ್ದೇವೆ. ಎರಡೂ ಒಂದೇ ಕಂಪನಿಯವು. ಟಿಕೆಟ್ ದರ, ರೈಡುಗಳ ಪಟ್ಟಿ ನೀವು ನೋಡೇ ಇರ್ತೀರಿ, ಅದನ್ನ ಬಿಡ್ತೀನಿ. ಒಂದು ಊರಲ್ಲಿರೋ ರೈಡನ್ನೇ ಇನ್ನೊಂದು ಊರಲ್ಲೂ ಹಾಕಬೇಕಾ, ನನ್ನ ಮಾತು ಅದರ ಬಗ್ಗೆ ಮಾತ್ರ.

ಮೊದಲ ಸಲ ಹೈದರಾಬಾದಿಗೆ ಹೋದಾಗ ಬೇಜಾರೇ ಆಯ್ತು. ಬೆಳಗಿನ ಐದಕ್ಕೆ ಕಲಬುರಗಿ ಬಿಟ್ಟು, ಹುಮನಾಬಾದ್ ದಾಟಿ, ಜಹೀರಾಬಾದ್ ಹತ್ತಿರ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದ್ವಿ. ಹೊರಗಿನ ಊಟ ಒಳಗೆ ಬಿಡಲ್ಲ, ಹಾಗಾಗಿ ಪ್ರತಿ ಸಲ ನಮ್ಮದು ಅಲ್ಲೇ ನಾಷ್ಟಾ. ಇಷ್ಟೆಲ್ಲ ಮಾಡಿ ಹೋದ್ರೆ ಎದುರಿಗೆ ನಿಂತಿದ್ದು ಬೆಂಗಳೂರಲ್ಲಿ ನೋಡಿದ್ದೇ ರೋಲರ್ ಕೋಸ್ಟರ್. ಹಿಂದಕ್ಕೆ ಎಳ್ಕೊಂಡು ಮೇಲೆ ಒಯ್ದು ಬಿಟ್ಟುಬಿಡುತ್ತೆ, ಮೂರು ಸಲ ತಲೆಕೆಳಗು, ಎದುರಿನ ಏರು ಹತ್ತಿ ಒಂದು ಕ್ಷಣ ನಿಲ್ಲುತ್ತೆ, ಆಮೇಲೆ ಅದೇ ದಾರೀಲಿ ಹಿಮ್ಮುಖವಾಗಿ ಮತ್ತೆ ಮೂರು ಸಲ. "ಪಪ್ಪಾ, ಇದು ಅದೇ ಅದಲ್ಲ?" ಅಂದ ಮಗ. ಮುಖ ಸಣ್ಣದಾಗಿತ್ತು.

ಆದ್ರೆ ಚಿಕ್ಕವಳು ರೈಡ್ ಕಡೆ ನೋಡ್ತಾನೇ ಇರಲಿಲ್ಲ. ಪಕ್ಕದಲ್ಲಿದ್ದ ಎತ್ತರ ಅಳೆಯೋ ಕಂಬ ನೋಡ್ತಿದ್ದಳು.

ಹಿಂದಿನ ವರ್ಷ ಬೆಂಗಳೂರಲ್ಲಿ ಅವಳಿಗೆ ಎರಡು ಬೆರಳು ಎತ್ತರ ಸಾಲದೆ ಹತ್ತಿಸಿರಲಿಲ್ಲ. ನಿಯಮ ಸರಿಯೇ, ತಪ್ಪಲ್ಲ. ಆದ್ರೆ ರೈಲಿನಲ್ಲಿ ವಾಡಿ ಬರೋತನಕ ಮಾತಾಡಿರಲಿಲ್ಲ ಹುಡುಗಿ. ಅವತ್ತಿಂದ ಪ್ರತಿ ತಿಂಗಳ ಒಂದನೇ ತಾರೀಖು ಅಡುಗೆ ಮನೆ ಬಾಗಿಲ ಚೌಕಟ್ಟಿಗೆ ಹಿಮ್ಮಡಿ ಹಚ್ಚಿ ನಿಲ್ಲೋದು, ನಾನು ತಲೆ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲ್ ಗೆರೆ ಎಳೆಯೋದು, ಪಕ್ಕದಲ್ಲಿ ಅವಳೇ ತಾರೀಖು ಬರೆಯೋದು. ಹತ್ತಿರ ಹತ್ತಿರ ಹನ್ನೆರಡು ಗೆರೆ ಇವೆ. ಅವಳ ಅಜ್ಜಿ ಸುಣ್ಣ ಹಚ್ಚೋವಾಗ ಆ ಚೌಕಟ್ಟು ಬಿಟ್ಟು ಹಚ್ಚಿದಳು.

ಹೈದರಾಬಾದಿನ ಕಂಬಕ್ಕೆ ಬೆನ್ನು ಹಚ್ಚಿ ನಿಂತಳು. ಅಲ್ಲಿದ್ದವರು ಒಳಗೆ ಹೋಗು ಅಂತ ಕೈ ಮಾಡಿದ್ರು. ಪಕ್ಕದಲ್ಲಿ ನಾನೇ ಕೂತೆ. ನನಗೆ ದಾರಿ ಗೊತ್ತಿತ್ತಲ್ವಾ, "ಈಗ ನಿಲ್ತದ, ಹೆದರಬ್ಯಾಡ, ಇನ್ನ ಹಿಂದ ಹೋಗ್ತದ" ಅಂತ ಮುಂಚೆನೇ ಹೇಳ್ತಾ ಹೋದೆ. ಇಳಿದ ಮೇಲೆ ಅವಳ ಕೈ ನಡುಗ್ತಾ ಇತ್ತು, ನಗು ನಿಲ್ತಾ ಇರಲಿಲ್ಲ.

ಆ ರೈಡ್ ಬೆಂಗಳೂರಲ್ಲಿ ಮಾತ್ರ ಇದ್ದಿದ್ರೆ? ನಮ್ಮೂರಿಂದ ಅದು ಹತ್ತಿರ ಹತ್ತಿರ 600 ಕಿಲೋಮೀಟರ್. ರೈಲು, ಲಾಡ್ಜು, ಎರಡು ದಿನ ರಜೆ. ಹೈದರಾಬಾದ್ 220ರ ಆಸುಪಾಸು, ರಾತ್ರಿಗೆ ಮನೆ. ನನ್ನಂಥ ಸಂಬಳದವರಿಗೆ ಇದು ದೊಡ್ಡ ವ್ಯತ್ಯಾಸ. ಪ್ರತಿ ಪಾರ್ಕ್ ಬೇರೆಯೇ ಇರಬೇಕು ಅನ್ನೋರು ಹೆಚ್ಚಾಗಿ ಎಲ್ಲಾ ಕಡೆ ಹೋಗಿ ಬರೋ ಶಕ್ತಿ ಇರೋರು. ನಮ್ಮ ಶರಣಬಸವೇಶ್ವರ ಜಾತ್ರೆಗೆ ಬರೋ ದೊಡ್ಡ ತೊಟ್ಟಿಲು (ಜೈಂಟ್ ವೀಲ್) ಬೇರೆ ಜಾತ್ರೆಗಳಲ್ಲೂ ಇರುತ್ತೆ. ಅದನ್ನ ಯಾರೂ ನಕಲು ಅನ್ನಲ್ಲ.

ಹೀಗೆ ಮುಂದೆ ಹೋಗಿ ಅದೇ ದಾರೀಲಿ ಹಿಂದೆ ಬರೋ ರೋಲರ್ ಕೋಸ್ಟರಿಗೆ ಬೂಮರಾಂಗ್ ಅಂತಾರೆ. ಈ ಮಾದರಿಯನ್ನ 1984ರಿಂದ ಜಗತ್ತಿನಲ್ಲಿ 50ಕ್ಕೂ ಹೆಚ್ಚು ಕಡೆ ಕಟ್ಟಿದ್ದಾರೆ. ವಿನ್ಯಾಸದ ಖರ್ಚು ಹಂಚಿಹೋಗುತ್ತೆ, ಒಂದು ಕಡೆ ಕಂಡ ದೋಷವನ್ನ ಇನ್ನೊಂದು ಕಡೆ ಮೊದಲೇ ಸರಿಪಡಿಸಬಹುದು.

ಹಾಗಂತ ಎಲ್ಲಾ ಒಂದೇ ಅಚ್ಚು ಆಗೋದೂ ಬೇಡ. ಡಿಸ್ನಿಯವರ ಕಡಲ್ಗಳ್ಳರ ದೋಣಿ ಸವಾರಿ 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯ್ತು, 1973ರಲ್ಲಿ ಫ್ಲೋರಿಡಾಕ್ಕೆ, 1983ರಲ್ಲಿ ಟೋಕಿಯೋಗೆ ಬಂತು. 2016ರಲ್ಲಿ ಶಾಂಘೈಗೆ ಬಂದಾಗ ಅದೇ ಹೆಸರಲ್ಲಿ ಪೂರ್ತಿ ಹೊಸದಾಗಿ ಕಟ್ಟಿದ್ರು. ಹಳಿ ಅದೇ ಇರಲಿ, ಸಾಲಲ್ಲಿ ನಿಲ್ಲೋ ಜಾಗಕ್ಕಾದ್ರೂ ಗೋಲ್ಕೊಂಡದ ಒಂದು ಕಮಾನು, ಬೀದರಿನ ಬಿದರಿ ಕೆಲಸದ ಒಂದು ಹೂಬಳ್ಳಿ ಹಾಕಿದ್ರೆ ನನ್ನ ಮಗನ ಮುಖ ಹಾಗೆ ಆಗ್ತಿರಲಿಲ್ಲ. ಹೈದರಾಬಾದಿನ ಪಾರ್ಕಿಗೆ ಐದರಲ್ಲಿ ನಾಲ್ಕು ಅಂಕ ಕೊಡ್ತೀನಿ. ಆ ಒಂದು ಕಳೆದದ್ದು ಇದಕ್ಕೇ.

ಹೋಗೋರು ವಾರದ ಮಧ್ಯೆ ಹೋಗಿ, ಸಾಲು ಕಡಿಮೆ. ಈಗ ಪಕ್ಕದ ಮನೆ ಹುಡುಗನೂ ತಿಂಗಳಿಗೊಮ್ಮೆ ಬಂದು ನಮ್ಮ ಚೌಕಟ್ಟಿಗೆ ಹಿಮ್ಮಡಿ ಹಚ್ಚಿ ನಿಲ್ತಾನೆ. ಅವನ ಗೆರೆ ಎಳೆಯೋದು ನನ್ನ ಮಗಳು. ಅವನಿಗೆ ಇನ್ನೂ ನಾಲ್ಕು ಬೆರಳು ಬೇಕು.