ಹಳೇ ವಾಲ್ವ್ ಟಿವಿ ರಿಪೇರಿಗೆ ಕೊಡೋ ಮುಂಚೆ ಇದನ್ನ ಓದಿ

"ಒರಿಜಿನಲ್ ಆಗೇ ರೆಡಿ ಮಾಡಿಕೊಡ್ತೀನಿ" ಅನ್ನುವವರ ಕೈಗೆ ಹಳೇ ಟಿವಿ ಕೊಡುವ ಮುಂಚೆ ದಯವಿಟ್ಟು ಹಿಂದಿನ ಮುಚ್ಚಳ ಬಿಚ್ಚಿಸಿ ಒಂದೊಂದು ವಾಲ್ವಿನದೂ (ಟ್ರಾನ್ಸಿಸ್ಟರ್ ಬರೋ ಮುಂಚೆ ಇದ್ದ, ಬಿಸಿಯಾಗಿ ಕೆಲಸ ಮಾಡೋ ಗಾಜಿನ ಬಲ್ಬಿನಂಥ ಭಾಗ) ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಸೆಟ್ಟಿನ ಒಳಗಿದ್ದದ್ದೆಲ್ಲ ಹೋಯ್ತು. ಮರದ ಡಬ್ಬ, ಪಿಕ್ಚರ್ ಟ್ಯೂಬ್, ಸ್ಪೀಕರ್ ಅಷ್ಟೇ ಉಳಿದಿರೋದು.

ಅಪ್ಪ ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡ ಕಪ್ಪು-ಬಿಳುಪು ಸೆಟ್ಟು ಅದು. ಅಲ್ಲಿ ದೂರದರ್ಶನ 1972ರಲ್ಲೇ ಶುರುವಾಗಿತ್ತಲ್ಲ. ಷಟರ್ ಎಳೆಯೋ ಕ್ಯಾಬಿನೆಟ್, ಒಳಗೆ ಚಿತ್ರದ ಗೆರೆಗಳನ್ನ ಅಡ್ಡಡ್ಡ ಓಡಿಸೋ ಪಿಎಲ್ 504 ಅನ್ನೋ ವಾಲ್ವ್ ಸಮೇತ ಎಲ್ಲಾ ವಾಲ್ವೂ ಇದ್ದವು. ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದ ಸೆಟ್ಟಿನಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ಚಾರ್ಜ್ ಕೂಡಿಟ್ಟು ಕೊಡೋ, ಒಳಗೆ ದ್ರವ ಇರೋ ಭಾಗ) ಒಣಗಿರುತ್ತೆ, ಅದೇನು ದೊಡ್ಡ ವಿಷಯವಲ್ಲ. ರಿಪೇರಿಯವನೂ ಅದನ್ನೇ ಹೇಳಿದ: "ಕೆಪಾಸಿಟರ್ ಎಲ್ಲಾ ಹೊಸದು ಹಾಕಿ, ಇಎಚ್‌ಟಿ (ಪಿಕ್ಚರ್ ಟ್ಯೂಬಿಗೆ ಹೋಗೋ ಹೈ ವೋಲ್ಟೇಜ್) ಚೆಕ್ ಮಾಡಿ ಕೊಡ್ತೀನಿ ಮೇಡಂ, ವಾಲ್ವ್ ಮುಟ್ಟೋದೇ ಇಲ್ಲ." 14 ಸಾವಿರಕ್ಕೆ ಮಾತಾಯ್ತು, ಅರ್ಧ ಮುಂಗಡ. ಉಳಿದದ್ದು ಗಾಡಿಯಿಂದ ಇಳಿಸೋ ಮುಂಚೆಯೇ ಫೋನಿಗೆ ಹಾಕಿಸಿಕೊಂಡ.

ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಒತ್ತಿದ ಕೂಡಲೇ ಸ್ಪೀಕರಿನಲ್ಲಿ ಸದ್ದು! ವಾಲ್ವ್ ಸೆಟ್ಟು ನೋಡಿದವರಿಗೆ ಗೊತ್ತು, ಬಿಸಿಯಾಗೋವರೆಗೆ ಕಾಯಬೇಕು. ನಮ್ಮದರಲ್ಲಿ ಸದ್ದಿನ ಕಡೆಗೂ ವಾಲ್ವೇ ಇದ್ದದ್ದು. ಅದು ಬಿಸಿಯಾಗದೆ ಸದ್ದು ಎಲ್ಲಿಂದ ಬರುತ್ತೆ? ಹಿಂದೆ ಹೋಗಿ ಹಾರ್ಡ್‌ಬೋರ್ಡಿನ ತೂತುಗಳಲ್ಲಿ ಇಣುಕಿದೆ. ಕತ್ತಲೆ. ಒಂದೇ ಒಂದು ವಾಲ್ವೂ ಕೆಂಪಗೆ ಕಾಣಲಿಲ್ಲ. ಟಕ್ ಟಕ್ ಅನ್ನಬೇಕಾದ ಚಾನೆಲ್ ನಾಬ್ ಸುಮ್ಮನೆ ಗರಗರ ಸುತ್ತುತ್ತಿದೆ. ಅಪ್ಪ ಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸಿದ್ದರು. ಅವರೆದುರು ನನಗೆ ಮುಖ ಎತ್ತೋಕಾಗಲಿಲ್ಲ.

ಮುಚ್ಚಳ ಬಿಚ್ಚಿಸಿದರೆ ಚಾಸಿಯೇ, ಅಂದರೆ ವಾಲ್ವೆಲ್ಲ ಕೂರಿಸಿದ್ದ ಚೌಕಟ್ಟೇ ಇಲ್ಲ! ಚಾನೆಲ್ ಹಿಡಿಯೋ ಟ್ಯೂನರ್ ಇಲ್ಲ. ಬದಲಿಗೆ ವಾಲ್ವೇ ಬೇಡದ, ಈಗಿನ ಕಾಲದ ಅಂಗೈಯಗಲದ ಒಂದು ಹಸಿರು ಸರ್ಕ್ಯೂಟ್ ಬೋರ್ಡನ್ನು ಗ್ಲೂ ಗನ್ನಿನ ಅಂಟು ಸುರಿದು ತಳಕ್ಕೆ ಅಂಟಿಸಿದ್ದಾನೆ.

ಕೇಳಿದರೆ "ಚಿತ್ರ ಬರ್ತಿದೆ ತಾನೇ ಮೇಡಂ?" ಅಂತಾನೆ. ಚಿತ್ರ ಬರೋದಕ್ಕೆ ನಮ್ಮನೇಲಿ ಬೇರೆ ಟಿವಿ ಇಲ್ವಾ? "ದೂರದರ್ಶನದ ಹಳೇ ಪ್ರಸಾರವೇ ನಿಂತೋಗಿದೆ, ಆ ಟ್ಯೂನರ್ ಇಟ್ಕೊಂಡು ಏನ್ ಮಾಡ್ತೀರಾ?" ಪ್ರಸಾರ ನಿಂತಿರಬಹುದು, ಆದರೆ ಟ್ಯೂನರಿನಿಂದ ಉಪಯೋಗವಿಲ್ಲ ಅನ್ನೋದು ಸುಳ್ಳು. ಸೆಟ್‌ಟಾಪ್ ಬಾಕ್ಸಿಗೂ ಟಿವಿಗೂ ನಡುವೆ ಆರ್‌ಎಫ್ ಮಾಡ್ಯುಲೇಟರ್ (ಬಾಕ್ಸಿನ ಚಿತ್ರವನ್ನ ಹಳೇ ಚಾನೆಲ್ ಸಿಗ್ನಲ್ ಮಾಡೋ ಸಾಧನ) ಹಾಕಿದರೆ ಹಳೇ ಟ್ಯೂನರಿನಲ್ಲೇ ಚಿತ್ರ ಬರುತ್ತೆ. ಅವನ ವಿಡಿಯೋದಲ್ಲಿ ಅವನೇ ಹಾಗೆ ಮಾಡಿ ತೋರಿಸಿದ್ದಾನೆ, ಅದನ್ನ ನೋಡೇ ನಾನು ಕೊಟ್ಟಿದ್ದು! ಹಳೇ ಪಾರ್ಟ್ ವಾಪಸ್ ಕೊಡಪ್ಪಾ ಅಂದರೆ "ಗುಜರಿಗೆ ಹೋಯ್ತು." ಗುಜರಿಗೆ? ಪಿಎಲ್ 504ನ್ನ ಆಂಪ್ಲಿಫೈಯರ್ ಕಟ್ಟೋರು ಈಗಲೂ ಹುಡುಕಿ ಕೊಳ್ತಾರೆ. ಕೊನೆಗೆ "ನಿಮಗೆ ಇದೆಲ್ಲ ಅರ್ಥ ಆಗಲ್ಲ, ಯಜಮಾನ್ರಿಗೆ ಫೋನ್ ಕೊಡಿ" ಅಂದ. ಆಮೇಲೆ ನನ್ನ ನಂಬರೇ ಬ್ಲಾಕ್.

ತೆಗೆದ ಪ್ರತಿ ಪಾರ್ಟನ್ನೂ, ಸತ್ತ ಕೆಪಾಸಿಟರನ್ನೂ ಸೇರಿಸಿ, ವಾಪಸ್ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ವಾಲ್ವ್ ಉರಿಯೋದನ್ನ ಕಣ್ಣಾರೆ ನೋಡದೆ ಬಾಕಿ ಕೊಡಬೇಡಿ, ಎಷ್ಟೇ ನಯವಾಗಿ ಕೇಳಲಿ. ಫೋಟೋ ತೆಗೆಯುವಾಗ ಪ್ಲಗ್ ಕಿತ್ತಿಡಿ, ಆದರೂ ಒಳಗೆ ಕೈ ಹಾಕಬೇಡಿ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ದುಡ್ಡು ಕಳಿಸಿದ್ದು, ಅವನ ಮೆಸೇಜು ಎಲ್ಲಾ ನನ್ನ ಹತ್ತಿರ ಇದೆ. ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ನನಗೆ ಅವನ ಪರಿಹಾರ ಬೇಡ, ಆ ಚಾಸಿ ವಾಪಸ್ ಬೇಕು.